ಇನ್‌ಸ್ಪೆಕ್ಟರನ ಬೂದು ಸ್ವೆಟರ್

ಸುನ್ನೇವಾ ಮೂವತ್ತೊಂದು ವರ್ಷ ಮೀನಿನ ಕಾರ್ಖಾನೆಯಲ್ಲಿ ಕಾಡ್ ಮೀನಿನ ಮುಳ್ಳು ಬಿಡಿಸಿದವಳು. ಉಳಿದ ಹೊತ್ತೆಲ್ಲ ಹೆಣಿಗೆ. ಗಂಡ ಹೆರ್ಮುಂಡ್ ಹಡಗಿನಲ್ಲಿ ಗ್ರೀನ್‌ಲ್ಯಾಂಡಿನವರೆಗೂ ಮೀನಿಗೆ ಹೋಗುತ್ತಿದ್ದ. ಅವಳು ಹೆಣೆದದ್ದಲ್ಲದೆ ಬೇರೆ ಉಣ್ಣೆ ಅವನ ಮೈಗೆ ತಾಗಿದ್ದಿಲ್ಲ ಎಂದು ನಮ್ಮ ದ್ವೀಪದಲ್ಲಿ ಹೇಳುತ್ತಿದ್ದರು.

ನಾನು ಕೆಲಸ ಮಾಡುವ ಆರೈಕೆ ಮನೆಗೆ ಅವನು ಬಂದಾಗ ನೆನಪು ಬಹುಪಾಲು ಅಳಿಸಿಹೋಗಿತ್ತು. ದಿನವೂ ಬಂದು ಮಗ್ಗುಲಲ್ಲಿ ಕೂರುವ ಹೆಂಡತಿ ಅವನಿಗೆ ಯಾರೋ ಹೆಂಗಸು. ಜನವರಿಯಲ್ಲಿ ಊಟವನ್ನೂ ಬಿಟ್ಟ; ದಿನಕ್ಕೆ ನಾಲ್ಕು ಗುಟುಕು ಹಾಲು ಇಳಿದರೆ ಹೆಚ್ಚು. ಅವಳು ಚಮಚ ಎತ್ತಿದರೂ, ನಾನು ಎತ್ತಿದರೂ, "ಏನು ಬೆರೆಸಿದ್ದೀರಿ ಇದರಲ್ಲಿ?" ಎಂದು ಹಲ್ಲು ಕಚ್ಚಿಬಿಡುತ್ತಿದ್ದ. ಹೀಗೇ ಆದರೆ ಈಸ್ಟರ್‌ವರೆಗೂ ಉಳಿಯುವುದಿಲ್ಲ ಎಂದರು ಡಾಕ್ಟರು.

ಅವನು ನಂಬುತ್ತಿದ್ದುದು ಒಬ್ಬನನ್ನೇ. ಭಾನುವಾರ ಟೀವಿಯಲ್ಲಿ ಬರುವ ಧಾರಾವಾಹಿಯ ಇನ್‌ಸ್ಪೆಕ್ಟರನನ್ನು. ಬೂದು ಸ್ವೆಟರಿನ ಆ ಮನುಷ್ಯ ಪರದೆಯ ಮೇಲೆ ಬ್ರೆಡ್ ಕಚ್ಚಿದರೆ ಹೆರ್ಮುಂಡ್ ಇತ್ತ ಬರಿಬಾಯನ್ನೇ ಆಡಿಸುತ್ತಿದ್ದ.

ಅಂಥದೇ ಸ್ವೆಟರ್ ತೊಡಿಸಿದರೆ ಅವನ ಹೆದರಿಕೆ ಹೋದೀತು, ತಿಂದಾನು ಎಂದುಕೊಂಡಳು ಸುನ್ನೇವಾ. ಧಾರಾವಾಹಿಯನ್ನು ನಿಲ್ಲಿಸಿ ನಿಲ್ಲಿಸಿ ಇನ್‌ಸ್ಪೆಕ್ಟರನ ಎದೆಯ ಮೇಲಿನ ಉಬ್ಬುಪಟ್ಟೆಗಳನ್ನು ಎಣಿಸಿದಳು. ಹತ್ತೊಂಬತ್ತು. ಆ ಹೆಣಿಗೆಯಲ್ಲಿ ಒಂದು ಬಿಟ್ಟು ಒಂದು ಕುಣಿಕೆಗೆ ಕಡ್ಡಿಯನ್ನು ಒಂದು ಸಾಲು ಕೆಳಗೆ ಚುಚ್ಚಬೇಕು. ಅದು ಉಣ್ಣೆಯನ್ನು ತಿನ್ನುತ್ತದೆ, ಉದ್ದ ಬೆಳೆಯುವುದೇ ಇಲ್ಲ. ಬುಧವಾರ ಸೇರುವ ಹೆಣಿಗೆಯ ಗೆಳತಿಯರಲ್ಲಿ ಮಾಲಾನ್‌ಳದು ಬಾಯಿ ಜೋರು.

"ಏನೇ, ಗಂಡನಿಗೆ ಟೀವಿ ಹೀರೋ ವೇಷ ಹಾಕ್ತೀಯಂತೆ? ಆಮೇಲೆ ನಾವೆಲ್ಲ ಸಾಲುಗಟ್ಟಿ ನೋಡೋಕೆ ಬರ್ತೀವಿ!"

"ಬನ್ರೇ. ಬರೋವಾಗ ಕೇಕ್ ತನ್ನಿ," ಎಂದಳು ಸುನ್ನೇವಾ, ಕಡ್ಡಿಯಿಂದ ಕಣ್ಣು ಎತ್ತದೆ.

ಹದಿನಾರು ದಿನದಲ್ಲಿ ಮುಗಿಸಿ ತಂದಳು. ಅಷ್ಟರಲ್ಲಿ ಅವನ ಕೆನ್ನೆಯ ಮೂಳೆ ಎದ್ದಿತ್ತು. ತನ್ನ ಮಡಿಲಲ್ಲಿಟ್ಟ ಸ್ವೆಟರನ್ನು ನೋಡಿದ್ದೇ ಅವನು ಕೂಗಿದ: "ಇದು ಇನ್‌ಸ್ಪೆಕ್ಟರ್‌ದು! ಎಲ್ಲಿಂದ ಕದ್ದೆ? ಕಳ್ಳಿ!" ಎತ್ತಿ ನೆಲಕ್ಕೆಸೆದ.

ಅವಳು ಅದನ್ನು ಎತ್ತಿಕೊಂಡು ಹೊರಗೆ ನಡೆದಳು. ಮನೆಗೆ ಹೋದಳೆಂದೇ ನಾನು ತಿಳಿದೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಸ್ವೆಟರನ್ನು ತಾನೇ ತೊಟ್ಟಿದ್ದಳು. ಅದು ಮೊಣಕಾಲಿನ ಹತ್ತಿರ ಇಳಿಬಿದ್ದಿತ್ತು. ಕೂದಲನ್ನೆಲ್ಲ ಟೋಪಿಯೊಳಗೆ ತುರುಕಿಕೊಂಡಿದ್ದಳು.

ಹೆರ್ಮುಂಡ್ ನೆಟ್ಟಗೆ ಕುಳಿತ. "ಬಂದ್ರಾ ಇನ್‌ಸ್ಪೆಕ್ಟರೇ! ಎಷ್ಟು ದಿನದಿಂದ ಕಾಯ್ತಿದೀನಿ."

ಅವಳು ಗಂಜಿಯ ಬಟ್ಟಲು ತೆಗೆದುಕೊಂಡು ಎದುರಿಗೆ ಕುಳಿತಳು. ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಇಲ್ಲಿಗೊಬ್ಬಳು ಮುದುಕಿ ದಿನಾ ಬರ್ತಾಳೆ. 'ನಾನು ನಿನ್ನ ಹೆಂಡ್ತಿ' ಅಂತಾಳೆ."

"ಅಲ್ವಾ?"

"ನನ್ನ ಹೆಂಡ್ತಿ ನಂಗೊತ್ತಿಲ್ವಾ? ಅವಳನ್ನ ಒಳಗೆ ಬಿಡ್ಬೇಡಿ. ಮಾತು ಕೊಡಿ, ಆಮೇಲೆ ತಿಂತೀನಿ."

ಅವಳು ಗಂಜಿಯನ್ನು ಒಮ್ಮೆ ಕದಡಿ ಚಮಚ ತುಂಬಿಸಿದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

"ಬಿಡಲ್ಲ," ಎಂದಳು.

"ಯಾವತ್ತೂ?"

"ಯಾವತ್ತೂ ಬಿಡಲ್ಲ, ಹೆರ್ಮುಂಡ್."

ಅವನು ಬಾಯಿ ತೆರೆದ.

ಈಸ್ಟರ್ ಕಳೆಯಿತು. ಆಗಸ್ಟ್‌ವರೆಗೂ ಬದುಕಿದ. ಬೇಸಿಗೆಯ ಬಿಸಿಲಲ್ಲೂ ಅವಳು ಮಧ್ಯಾಹ್ನದ ಹೊತ್ತಿಗೆ ಆ ಸ್ವೆಟರ್ ತೊಟ್ಟೇ ಬರುತ್ತಿದ್ದಳು. ಹೆಂಡತಿಯಾಗಿ ಒಮ್ಮೆಯೂ ಬರಲಿಲ್ಲ. ಕೊನೆಯ ದಿನ ಅವನ ಉಸಿರು ನಿಧಾನವಾಗುತ್ತಿದ್ದಂತೆ ಅವಳು ಸ್ವೆಟರಿನ ಅಂಚು ಹಿಡಿದು, ತೆಗೆಯಲೇ ಎಂಬಂತೆ ನನ್ನ ಮುಖ ನೋಡಿದಳು. ಅವನ ಕಣ್ಣು ಇನ್ನೂ ತೆರೆದಿತ್ತು.

ಅವಳು ಅಂಚನ್ನು ಕೆಳಗೆಳೆದು ಸರಿಮಾಡಿಕೊಂಡು, ಅವನ ಕೈ ಹಿಡಿದು ಕುಳಿತಳು.