ನೀರು ಬರುವವರೆಗೆ ಹಾಡು

ವಾರದ ದಿನಗಳಲ್ಲಿ ನಾನು ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸ ಮಾಡುತ್ತೇನೆ. ಹೊಲಿದು ಬಂದ ಬನಿಯನ್ನನ್ನು ಟ್ಯೂಬ್‌ಲೈಟಿಗೆ ಹಿಡಿದು ತೂತು, ಎಣ್ಣೆ ಕಲೆ, ತಪ್ಪಿದ ಹೊಲಿಗೆ ಹುಡುಕುವುದು. ಭಾನುವಾರಗಳಲ್ಲೂ ಮುಹೂರ್ತದ ದಿನಗಳಲ್ಲೂ ಕೊಯಮತ್ತೂರಿನ ಒಂದು ಜನಪದ ವಾದ್ಯತಂಡದಲ್ಲಿ ಹಾಡುತ್ತೇನೆ. ತಂಡದಲ್ಲಿ ಒಂದು ಪರೈ, ಅಂದರೆ ನಮ್ಮ ತಮಟೆ, ಉಜ್ಜಿ ನುಡಿಸುವ ಒಂದು ಉರುಮಿ, ಡೋಲಿನಂಥ ಒಂದು ತವಿಲ್, ಜೊತೆಗೆ ಒಂದು ಗಿಟಾರ್. ಪರೈ ಬಾರಿಸುವ ಅಣ್ಣನೇ ತಂಡದ ಯಜಮಾನ. ಹಗಲು ಹೊತ್ತು ಅವನು ಗಣಪತಿ ಎಂಬ ಬಡಾವಣೆಯಲ್ಲಿ ಲೇತ್ ಮೆಷಿನ್ ಮುಂದೆ ನಿಂತಿರುತ್ತಾನೆ. ಕಬ್ಬಿಣ ತಿರುಗುವ ಶಬ್ದದಲ್ಲೇ ತನಗೆ ತಾಳ ಹುಟ್ಟುತ್ತದೆ ಎನ್ನುತ್ತಾನೆ. ಕಿವಿ ಅರ್ಧ ಕೇಳಿಸದಿರುವುದಕ್ಕೂ ಅದೇ ಕಾರಣ ಎಂದು ನಾವು ನಗುತ್ತೇವೆ.

ನಮ್ಮಂಥ ತಂಡವನ್ನು ದೊಡ್ಡ ವೇದಿಕೆಗೆ ಕರೆಯುವುದು ಅಪರೂಪ. ಮೊಬೈಲ್ ಅಂಗಡಿ ಉದ್ಘಾಟನೆ, ಗೃಹಪ್ರವೇಶ, ಕಾಲೇಜಿನ ಪೊಂಗಲ್, ಇಂಥವೇ. ಒಮ್ಮೆ ಕಿವಿ ಚುಚ್ಚುವ ಶಾಸ್ತ್ರಕ್ಕೆ ಕರೆದವರು, ಮಗುವಿನ ಅಳು ಕೇಳಿಸದ ಹಾಗೆ ಹಾಡಬೇಕು ಎಂದು ಕೇಳಿಕೊಂಡರು. ಹಾಡಿದೆವು. ಮಗು ನಮ್ಮನ್ನು ನೋಡಿಯೇ ಅತ್ತಿತು. ಸೂಜಿ ಚುಚ್ಚಿದ್ದು ಅದಕ್ಕೆ ಗೊತ್ತೇ ಆಗಲಿಲ್ಲ ಎಂದು ಅವರ ಮನೆಯವರು ಈಗಲೂ ಹೊಗಳುತ್ತಾರೆ.

ನಮ್ಮದು ತಲೆಮಾರುಗಳಿಂದ ಇಲ್ಲಿಯೇ ಇರುವ ನೇಕಾರರ ಮನೆ. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಾನು ಹಾಡುತ್ತಿದ್ದುದೂ ತಮಿಳಿನಲ್ಲೇ. ಕನ್ನಡದಲ್ಲಿ ಹಾಡು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ, ನನಗೂ ಹಾಗೆ ಅನ್ನಿಸಿರಲಿಲ್ಲ. ಅದು ಶುರುವಾದದ್ದು ಪೊಳ್ಳಾಚಿ ಹತ್ತಿರದ ಒಂದು ತೆಂಗಿನ ತೋಟದಲ್ಲಿ, ಬೆಳಗಿನ ಹೊತ್ತು, ಒಂದು ಬೋರ್‌ವೆಲ್ಲಿನ ಮುಂದೆ.

ಕರೆದವರು ಪಂಪ್ ತಯಾರಿಸುವ ಒಬ್ಬ ಮೊದಲಾಳಿ, ಅಂದರೆ ಕಂಪನಿಯ ಧಣಿ. ಬಿಸಿಲಿನಿಂದ ನಡೆಯುವ ಹೊಸ ಪಂಪನ್ನು ಊರೂರಿನ ಡೀಲರುಗಳಿಗೆ ತೋರಿಸಬೇಕಿತ್ತು. ಪಂಪಿಗೆ ಪೂಜೆ, ಪೂಜೆಗೆ ನಮ್ಮ ಹಾಡು. ಅಣ್ಣ ಅದಕ್ಕೆಂದೇ ನೆಲದ ತಾಯಿಯನ್ನು ಎದ್ದು ಬಾ ಎಂದು ಕರೆಯುವ ನಾಲ್ಕು ಸಾಲು ಕಟ್ಟಿಕೊಂಡು ಬಂದಿದ್ದ. ಮೊದಲಾಳಿ ನಮ್ಮನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ವಿವರಿಸಿದರು. ಪಲ್ಲವಿ ಎರಡನೇ ಸಲ ಬರುವಾಗ ಅವರು ಸ್ವಿಚ್ ಒತ್ತುತ್ತಾರೆ, ನೀರು ಚಿಮ್ಮುತ್ತದೆ, ಆಗ ನಾವು ಮುಗಿಸಬೇಕು.

"ತಣ್ಣಿ ವರ್ರ ವರೈಕ್ಕುಂ ಪಾಟ್ಟು ನಿಕ್ಕಕ್ಕೂಡಾದುಂಗ ಅಮ್ಮಣಿ," ಎಂದರು. ನೀರು ಬರುವತನಕ ಹಾಡು ನಿಲ್ಲಕೂಡದು. ಹಿಂದೊಮ್ಮೆ ಸ್ವಿಚ್ಚಿಗೂ ನೀರಿಗೂ ನಡುವೆ ಸ್ವಲ್ಪ ಮೌನ ಬಿದ್ದಿತಂತೆ. ಆ ಮೌನದಲ್ಲಿ ಒಬ್ಬ ಡೀಲರ್ ಕೆಮ್ಮಿದನಂತೆ. ಆ ಕೆಮ್ಮನ್ನು ಮರೆಯಲು ಅವರಿಗೆ ಇನ್ನೂ ಆಗಿರಲಿಲ್ಲ.

ಡೀಲರುಗಳು ಹೊಸ ಪಂದಲಿನ ಕೆಳಗೆ ಕುರ್ಚಿಗಳಲ್ಲಿ ಕೂತಿದ್ದರು. ಮುಂದಿನ ಸಾಲಿನಲ್ಲಿ ಮೊದಲಾಳಿಯ ತಾಯಿ, ಬಿಳಿ ಕೂದಲಿನ ಸಣ್ಣ ಜೀವ, ಮಡಿಲಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದರು. ಪೂಜೆ ಮುಗಿಯಿತು. ನಾವು ಶುರುಮಾಡಿದೆವು. ಪಲ್ಲವಿ ಎರಡನೇ ಸಲ ಬಂತು. ಮೊದಲಾಳಿ ಸ್ವಿಚ್ ಒತ್ತಿದರು.

ಏನೂ ಆಗಲಿಲ್ಲ.

ಪೈಪಿನ ಬಾಯಿಂದ ಒಂದು ಇರುವೆ ಹೊರಬಂತು, ಅಷ್ಟೇ. ಮೇಲೆ ನೋಡಿದರೆ ಪಾಲಕ್ಕಾಡಿನ ಕಡೆಯಿಂದ ಒಂದು ಮೋಡ ಬಂದು ಸೂರ್ಯನ ಮುಂದೆ ನಿಂತಿತ್ತು. ಮೊದಲಾಳಿ ನಗುಮುಖ ಇಟ್ಟುಕೊಂಡೇ ನಮ್ಮ ಕಡೆ ಕೈ ತಿರುಗಿಸಿದರು, ಇನ್ನೂ, ಇನ್ನೂ ಎಂದು.

ನಾಲ್ಕು ಸಾಲನ್ನು ಎಷ್ಟು ಸಲ ಹಾಡಬಹುದು? ನೇರವಾಗಿ ಹಾಡಿದೆವು, ನಿಧಾನವಾಗಿ ಹಾಡಿದೆವು, ಕೊನೆಯ ಸಾಲನ್ನು ಮೊದಲು ಮಾಡಿ ಹಾಡಿದೆವು. ಡೀಲರುಗಳು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಅಣ್ಣ ಪರೈ ಬಿಡದೆ ನನ್ನ ಕಿವಿಯ ಹತ್ತಿರ ಬಾಗಿ, ತಮಿಳಿನಲ್ಲಿ, "ಏನಾದರೂ ಹಾಡು. ಹೊಸದಾಗಿ ಕೇಳಿಸಬೇಕು, ಅಷ್ಟೇ," ಎಂದ.

ಏನಾದರೂ ಎಂದರೆ ಏನು? ಯಾರಿಗೂ ಅರ್ಥವಾಗದಿದ್ದರೆ ಏನು ಹಾಡಿದರೂ ನಡೆಯುತ್ತದೆ ಎಂಬ ಧೈರ್ಯದಲ್ಲಿ ನಾನು ಕನ್ನಡಕ್ಕೆ ಹೊರಳಿದೆ. ಅಜ್ಜಿ ಮಗ್ಗದ ಮುಂದೆ ಹೇಳುತ್ತಿದ್ದ ಎರಡು ಸಾಲು ನೆನಪಿದ್ದವು, ಅವು ಬೇಗ ಮುಗಿದವು. ಆಮೇಲೆ ಬಾಯಿಗೆ ಬಂದದ್ದು ನಮ್ಮ ಮನೆಯ ಸಮಾಚಾರ, ತೀರಿದ ಗ್ಯಾಸು, ಅವ್ವನ ಬಿಡದ ಹಲ್ಲುನೋವು.

"ಗ್ಯಾಸು ತೀರ್ದು ಓಯ್ತು, ಬುಕ್ ಮಾಡ್ಲಿಲ್ಲ, ತಾಯೇ ಬಾರಮ್ಮ! ಅವ್ವನ ಅಲ್ಲು ನೋವು ವಿಡ್ಲಿಲ್ಲ, ತಾಯೇ ಬಾರಮ್ಮ!"

ಜನ ಕೈಮುಗಿದರು. ನಿಜವಾಗಿ. ಹಿಂದಿನ ಸಾಲಿನ ಒಬ್ಬರು ಚಪ್ಪಲಿಯನ್ನೂ ಬಿಟ್ಟರು. ತಿಳಿಯದ ಭಾಷೆಯಾದ್ದರಿಂದ ಇದು ಯಾವುದೋ ಹಳೆಯ ಮಂತ್ರ ಎಂದುಕೊಂಡರು. ನಾನು ಸೂಪರ್‌ವೈಸರನನ್ನು ಬೈದೆ, ಕಾಲರಿನ ತೂತುಗಳನ್ನು ಹಾಡಿದೆ, ಬೆಳಗಿನ ರೈಲಿನಲ್ಲಿ ಕಾಲು ತುಳಿದವಳನ್ನು ಹಾಡಿದೆ. ಪ್ರತಿ ಸಾಲಿನ ಕೊನೆಗೆ ತಾಯೇ ಬಾರಮ್ಮ.

ಆಗ ಸೋಲಾರ್ ಫಲಕಗಳ ಹಿಂದಿನಿಂದ ಠಣ್ ಎಂದು ಸ್ಪ್ಯಾನರ್ ಬಿದ್ದ ಸದ್ದಾಯಿತು. ಕಂಪನಿಯ ಇಂಜಿನಿಯರ್ ಅಲ್ಲಿ ಕೂತು ತಂತಿ ನೋಡುತ್ತಿದ್ದ. ಈಗ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ಕೂತಿದ್ದ. ಕಣ್ಣಲ್ಲಿ ನೀರು.

"ಅಕ್ಕಾ, ನೀವು ಕನ್ನಡದೋರಾ?" ಎಂದು ಅಲ್ಲಿಂದಲೇ ಕೂಗಿದ. ಹಾಸನದ ಕಡೆಯ ಹುಡುಗ, ಇಲ್ಲಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು.

ನಾನು ಹಾಡನ್ನು ಬಿಡುವ ಹಾಗಿರಲಿಲ್ಲ. ಹಾಡಿನಲ್ಲೇ ಕೇಳಿದೆ: "ತಮ್ಮಾ ತಮ್ಮಾ, ನೀರು ಯಾವಾಗ ಬರ್ತದೆ, ತಾಯೇ ಬಾರಮ್ಮ!"

"ಮೋಡ ಸರೀಲಿ ಅಕ್ಕಾ!"

ನಮ್ಮ ತವಿಲಿನವನಿಗೆ ಅದು ತುಂಬ ಹಿಡಿಸಿತು. ಇದೂ ಹಾಡಿನ ಭಾಗವೆಂದು ತಿಳಿದು, "ಮೋಡ ಸರೀಲಿ ಅಕ್ಕಾ!" ಎಂದು ಅವನೂ ಕೂಗಿದ. ಉರುಮಿಯವನೂ ಕೂಗಿದ. ಮುಂದಿನ ಸುತ್ತಿಗೆ ಡೀಲರುಗಳೂ ಸೇರಿದರು. ತೆಂಗಿನ ತೋಟದ ತುಂಬ ತಮಿಳರು ಒಂದೇ ದನಿಯಲ್ಲಿ ಮೋಡಕ್ಕೆ ಕನ್ನಡದಲ್ಲಿ ಸರಿ ಸರಿ ಎಂದು ಹೇಳುತ್ತಿದ್ದರು.

ಮೋಡ ಸರಿಯಿತು. ಬಿಸಿಲು ಬಂತು. ಮೊದಲಾಳಿ ಮತ್ತೆ ಸ್ವಿಚ್ ಒತ್ತಿದರು. ಪಂಪು ಒಮ್ಮೆ ನರಳಿ ಸುಮ್ಮನಾಯಿತು.

ಇಂಜಿನಿಯರ್ ಎದ್ದು ಫಲಕಗಳನ್ನು ಸುತ್ತಿ ನೋಡಿ, ಹಣೆ ಚಚ್ಚಿಕೊಂಡ. ಮೊದಲಾಳಿಯ ಬಳಿ ಓಡಿ ಏನೋ ಹೇಳಹೋದ. ಅವರು ಕೈ ಅಡ್ಡ ಹಿಡಿದು ಕಿವಿಗೊಡದೆ, "ಪಾಟ್ಟು ಮುಡಿಯಟ್ಟುಂ," ಎಂದರು. ಹಾಡು ಮುಗಿಯಲಿ. ಹಾಡು ಮುಗಿಯಲು ನೀರು ಬರಬೇಕು. ನೀರು ಬರಲು ಅವರು ಇವನ ಮಾತು ಕೇಳಬೇಕು. ಮಾತು ಕೇಳಲು ಹಾಡು ಮುಗಿಯಬೇಕು. ಆ ಹುಡುಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

"ಚಪ್ಪರದ ನೆರಳು ಬಿದ್ದಿದೆ ಅಕ್ಕಾ!" ಎಂದು ಕೂಗಿದ.

"ನೆರಳು ಬಿದ್ದಿದೆ ಅಕ್ಕಾ!" ಎಂದು ಎಲ್ಲರೂ ಕೂಗಿದರು. ಮೊದಲಾಳಿಯೂ ಚಪ್ಪಾಳೆ ತಟ್ಟಿ ಕೂಗಿದರು.

ಚಪ್ಪರ ಎಂದರೆ ನಮ್ಮ ಮನೆಯಲ್ಲಿ ದೇವರನ್ನು ಮೆರೆಸುವ ಗಾಡಿ. ಇಲ್ಲೆಲ್ಲಿಂದ ಬಂತು ಅದು ಎಂದು ಕ್ಷಣಹೊತ್ತು ತಡವರಿಸಿದೆ. ಅವನು ಬೆರಳು ಮಾಡಿದ ಕಡೆ ನೋಡಿದಾಗ ತಿಳಿಯಿತು, ನಾವು ಪಂದಲು ಎನ್ನುವುದನ್ನೇ ಅವನು ಚಪ್ಪರ ಎನ್ನುತ್ತಿದ್ದ. ಡೀಲರುಗಳಿಗೆ ಬಿಸಿಲು ತಾಗದಿರಲೆಂದು ಹಿಂದಿನ ಸಂಜೆ ಕಟ್ಟಿದ ಪಂದಲು ಬೆಳಗಿನ ಬಿಸಿಲಿಗೆ ಅಡ್ಡ ನಿಂತು, ಫಲಕಗಳ ಅರ್ಧ ಸಾಲನ್ನು ಮುಚ್ಚಿತ್ತು. ಬಿಸಿಲಿನ ಪಂಪಿಗೆ ನೆರಳು ಕಟ್ಟಿದ್ದರು.

ಇದನ್ನು ಡೀಲರುಗಳಿಗೆ ತಿಳಿಯದ ಹಾಗೆ ಮೊದಲಾಳಿಗೆ ಹೇಗೆ ಮುಟ್ಟಿಸಲಿ ಎಂದು ಯೋಚಿಸುತ್ತಲೇ ಬಾಯಿಗೆ ಬಂದ ಇನ್ನೊಂದು ಸಾಲು ಹಾಡಿದೆ, ಎದುರು ಮನೆಯವಳು ಇಸಕೊಂಡು ಹೋದ ನಮ್ಮ ಇಡ್ಲಿ ಪಾತ್ರೆಯದು. "ಎದುರು ಮನೆ ಅಕ್ಕ ವಾಂಗಿದ ಇಡ್ಲಿ ಚಟ್ಟಿ ತಿರುಗಿ ಕೊಡ್ಲಿಲ್ಲ, ತಾಯೇ ಬಾರಮ್ಮ!"

ಮುಂದಿನ ಸಾಲಿನಲ್ಲಿ ಹೂವಿನ ಬುಟ್ಟಿ ಉರುಳಿತು. ಮೊದಲಾಳಿಯ ತಾಯಿ ಎದ್ದು ನಿಂತಿದ್ದರು. ಕೂದಲು ಬಿಚ್ಚಿಕೊಂಡಿತ್ತು, ಮೈ ನಡುಗುತ್ತಿತ್ತು. ಮೈಮೇಲೆ ದೇವಿ ಬಂದಿದ್ದಳು. ಉರುಮಿ ಕೇಳಿದರೆ ಈ ಕಡೆ ಹಾಗೆ ಬರುವುದು ಹೊಸದಲ್ಲ. ಇಡೀ ಸಭೆ ಎದ್ದು ನಿಂತಿತು. ಮೊದಲಾಳಿ ಕರ್ಪೂರ ಹಿಡಿದು, "ಏನು ಬೇಕು ತಾಯಿ?" ಎಂದು ಕೇಳಿದರು.

"ಇಡ್ಲಿ!" ಎಂದರು ತಾಯಿ.

ಇಡ್ಲಿ ಎಂಬ ಮಾತು ಎರಡು ಭಾಷೆಗೂ ಒಂದೇ. ಡೀಲರುಗಳ ತಿಂಡಿಗೆಂದು ಬೇಯಿಸಿದ್ದ ಇಡ್ಲಿಗಳನ್ನೆಲ್ಲ ಬಾಳೆಲೆಯಲ್ಲಿ ತಂದು ಪೈಪಿನ ಬಾಯಿಯ ಎದುರು ರಾಶಿ ಹಾಕಿದರು. ಡೀಲರುಗಳು ಹಸಿದ ಹೊಟ್ಟೆಯಲ್ಲಿ ಅದಕ್ಕೆ ಕೈಮುಗಿದರು. ಆವಿ ಏಳುತ್ತಿತ್ತು. ಒಬ್ಬರು ಎಂಜಲು ನುಂಗಿದ್ದು ನನಗೆ ಕಾಣಿಸಿತು.

"ಅಕ್ಕಾ, ಚಪ್ಪರ ಬಿಚ್ಚೋಕೆ ಆ ಅಜ್ಜಿ ಕೈಲಿ ಹೇಳ್ಸಿ!" ಎಂದು ಇಂಜಿನಿಯರ್ ಕೂಗಿದ. ಜನ ಅದನ್ನೂ ಭಕ್ತಿಯಿಂದ ತಿರುಗಿ ಕೂಗಿದರು.

ನನಗೆ ಭಯವಾಯಿತು. ದೇವಿ ಬಂದ ಮೈಯ ಮುಂದೆ ಆಟ ಆಡುವುದು ಸರಿಯಲ್ಲ. ಆದರೆ ಗಂಟಲು ಒಣಗಿ ಹೋಗಿತ್ತು, ಅಣ್ಣನ ಬೆರಳು ಊದಿಕೊಂಡಿತ್ತು. ಮನಸ್ಸಿನಲ್ಲೇ ಕ್ಷಮೆ ಕೇಳಿ, ಆ ತಾಯಿಯ ಮುಂದೆ ಹೋಗಿ ನಿಂತು ಹಾಡಿದೆ: "ಪಂದಲು ಪಿರಿದ್ರೆ ಬರ್ತೀಯಾ, ತಾಯೇ ಬಾರಮ್ಮ!"

ಅವರು ನಡುಕ ನಿಲ್ಲಿಸಿ ನನ್ನನ್ನೇ ನೋಡಿದರು. ಆಮೇಲೆ ಕೈಯೆತ್ತಿ, ಅಷ್ಟು ಸಣ್ಣ ದೇಹದಿಂದ ಬರಬಹುದೆಂದು ನಾನು ಎಣಿಸಿರದ ದನಿಯಲ್ಲಿ, "ಪಂದಲೈ ಪಿರಿಂಗಡಾ!" ಎಂದರು. ಪಂದಲು ಬಿಚ್ಚಿರೋ.

ಮೊದಲಾಳಿಯೇ ಮೊದಲ ಗಂಟಿಗೆ ಕೈ ಹಾಕಿದರು. ಡೀಲರುಗಳು ಕುರ್ಚಿ ಸರಿಸಿ ಗಳ ಕಿತ್ತರು. ಬಟ್ಟೆ ಜಾರಿ ಬಿದ್ದು ಕೆಲವರನ್ನು ಪೂರ್ತಿ ಮುಚ್ಚಿತು. ಫಲಕಗಳ ಮೇಲೆ ಬಿಸಿಲು ಬಿದ್ದದ್ದೇ ತಡ, ಪೈಪು ಒಮ್ಮೆ ಕೆಮ್ಮಿ, ನೀರನ್ನು ಎಷ್ಟು ಬಿರುಸಾಗಿ ಉಗುಳಿತೆಂದರೆ ಇಡ್ಲಿಗಳೆಲ್ಲ ಎದ್ದು, ಒಂದರ ಹಿಂದೊಂದು ತೇಲುತ್ತ ತೆಂಗಿನ ಪಾತಿಗಳಿಗೆ ಹೋದವು. ಎಲ್ಲರೂ ನೆನೆದರು, ಎಲ್ಲರೂ ಕೂಗಿದರು. ನಾನು ಹಾಡು ನಿಲ್ಲಿಸಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಊಟದ ಹೊತ್ತಿಗೆ ಮೊದಲಾಳಿಯ ತಾಯಿ ನನ್ನ ಪಕ್ಕ ಬಂದು ಕೂತರು. ಕೂದಲು ಬಾಚಿ ಗಂಟು ಹಾಕಿದ್ದರು, ಕಣ್ಣುಗಳು ಶಾಂತವಾಗಿದ್ದವು. ಸುತ್ತ ನೋಡಿ, ನಮ್ಮ ಮನೆಯಲ್ಲಿ ಆಡುವಂಥದೇ ಕನ್ನಡದಲ್ಲಿ, "ಆ ಇಡ್ಲಿ ಚಟ್ಟಿನ ಕೇಳಿ ವಾಂಗಿಕೋ ಕಣ್ಣು. ಸುಮ್ನೆ ಇದ್ರೆ ಕೊಡಲ್ಲ ಅವ್ರು," ಎಂದರು.

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅವರು ಹುಟ್ಟಿ ಬೆಳೆದದ್ದು ನೇಕಾರರ ಬೀದಿಯ ಪಕ್ಕದಲ್ಲಂತೆ. ಚಿಕ್ಕಂದಿನ ಗೆಳತಿಯರೆಲ್ಲ ನಮ್ಮವರೇ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಆ ಮಾತನ್ನು ಆಡಲು ಯಾರೂ ಸಿಕ್ಕಿರಲಿಲ್ಲ.

"ಅಂಗಾದ್ರೆ, ಅಮ್ಮ... ಸಾಮಿ ಬಂದಿದ್ದು?" ಎಂದು ಹೆದರುತ್ತ ಕೇಳಿದೆ.

"ಬಂದಿದ್ದು ನಿಜಾನೇ. ಬಂದವ್ಳಿಗೂ ಕಾದು ಕೇಳ್ತದಲ್ಲ?" ಎಂದು ಕಿವಿ ಮುಟ್ಟಿ ತೋರಿಸಿದರು. ಅಷ್ಟು ಹೇಳಿ, ರಸಕ್ಕೆ ಉಪ್ಪು ಸಾಲದು ಎಂದು ಬಡಿಸುವವರನ್ನು ತಮಿಳಿನಲ್ಲಿ ಗದರಿಸಿದರು. ಅವರ ಮಾತನ್ನು ನಾನು ನಂಬಿದೆ. ಈಗಲೂ ನಂಬುತ್ತೇನೆ.

ಇಂಜಿನಿಯರ್ ಆಮೇಲೆ ನಮ್ಮ ಮನೆಗೆ ಬಂದುಹೋಗುವಷ್ಟು ಹತ್ತಿರದವನಾದ. ಅವನ ಹೆಂಡತಿ, ಹಾಡಿಕೊಂಡೇ ಇರುವವಳಿಗೆ ಬರೆಯಲು ಬರದಿದ್ದರೆ ಹೇಗೆ ಎಂದು ಬಲವಂತ ಮಾಡಿ ನನಗೆ ಕನ್ನಡ ಅಕ್ಷರ ಕಲಿಸಿದಳು. ಮೊದಮೊದಲು ನಾನು ಬರೆದ ಒತ್ತಕ್ಷರಗಳು ಚೆಕಿಂಗಿನಲ್ಲಿ ಪಾಸಾಗದ ಹೊಲಿಗೆಯ ಹಾಗೆ ಇದ್ದವು. ನನ್ನ ಅವ್ವನಿಗೆ ಮಾತ್ರ ಇಂಜಿನಿಯರನ ಕನ್ನಡ ರೇಡಿಯೋದಂತೆ ಕೇಳಿಸುತ್ತದೆ. ಅವನು ಮಾತು ಮುಗಿಸಿದ ಮೇಲೆ ಜಾಹೀರಾತು ಬರುತ್ತದೇನೋ ಎಂದು ಕಾಯುತ್ತಾಳೆ.

ಮೊದಲಾಳಿಗೆ ಆ ಹಾಡು ಪಂಪಿನ ಒಂದು ಬಿಡಿಭಾಗವೇ ಆಗಿಹೋಯಿತು. ಹಾಡಿಲ್ಲದೆ ಪಂಪು ತೋರಿಸುವುದಿಲ್ಲ ಎಂದರು. ಕಾಂಗೇಯಂ ಕಡೆಯ ಒಂದು ಹೊಲಕ್ಕೆ ನಮ್ಮನ್ನು ಮತ್ತೆ ಕರೆದರು. ಚಿತ್ತಿರೈ ತಿಂಗಳ ಬಿಸಿಲು, ಒಂದು ತುಂಡು ಮೋಡವಿಲ್ಲ, ಹತ್ತಿರದಲ್ಲೊಂದು ಮರವೂ ಇಲ್ಲ. ದೇವಿಯ ಅಪ್ಪಣೆ ಎಂದು ಪಂದಲನ್ನೂ ಹಾಕಿಸಿರಲಿಲ್ಲ. ಡೀಲರುಗಳು ತಲೆಯ ಮೇಲೆ ಕರವಸ್ತ್ರ ಹೊದ್ದು ಕೂತಿದ್ದರು. ನಾನು ಉಸಿರು ತುಂಬಿಕೊಂಡು ತಾಯೇ ಎಂದು ಬಾಯಿ ತೆರೆದದ್ದಷ್ಟೇ, ಬಾರಮ್ಮ ಎನ್ನುವ ಮೊದಲೇ ನೀರು ಭೋರೆಂದು ಬಂದುಬಿಟ್ಟಿತು.

ನಾವೆಲ್ಲ ಬೆಪ್ಪಾಗಿ ನಿಂತೆವು. ಅಣ್ಣ ಪರೈ ಕೆಳಗಿಟ್ಟ. ಮೊದಲಾಳಿ ಮುಖ ಗಂಟಿಕ್ಕಿಕೊಂಡು ಪೈಪನ್ನು ನೋಡಿದರು, ನಮ್ಮನ್ನು ನೋಡಿದರು, ಇಂಜಿನಿಯರನ ಕಡೆ ತಿರುಗಿದರು.

"ಆಫ್ ಪಣ್ಣುಪ್ಪಾ," ಎಂದರು. "ಪಾಟ್ಟು ಇನ್ನುಂ ಮುಡಿಯಲೆ."

ಹಾಡು ಇನ್ನೂ ಮುಗಿದಿಲ್ಲವಲ್ಲ. ಹುಡುಗ ಸ್ವಿಚ್ ಆರಿಸಿದ. ನೀರು ನಿಂತಿತು. ನಾವು ವಾದ್ಯ ಎತ್ತಿಕೊಂಡು, ಉರಿಬಿಸಿಲಿನಲ್ಲಿ, ಒದ್ದೆ ಪೈಪಿನ ಮುಂದೆ, ನೀರಿಗೆ ಬಾ ಎಂದು ಮೊದಲಿನಿಂದ ಹಾಡತೊಡಗಿದೆವು. ಮೋಡ ಸರೀಲಿ ಅಕ್ಕಾ ಎಂದು ಡೀಲರುಗಳು ಬೆವರು ಒರೆಸಿಕೊಳ್ಳುತ್ತ ಕೂಗಿದರು.