ಆ ಸುಳ್ಳು ಫಂಕ್ಷನ್ ಬರೆದವಳು ನಾನು

ಪದ್ಮರಾಜ್, ಆ ಮೀಟರ್ ಕೆಟ್ಟದ್ದು ನಿಮ್ಮಿಂದಲ್ಲ, ನನ್ನಿಂದ. ಮೂರು ವರ್ಷ ನಾನು ಬಾಯಿಬಿಡಲಿಲ್ಲ. ಗೊತ್ತಾಗಲಿಲ್ಲ, ಹೆದರಿದ್ದೆ — ಅಂಥದ್ದೇನೂ ಹೇಳುವುದಿಲ್ಲ. ನಲವತ್ತು ದಾಟಿದ್ದೆ. ನನಗಿದ್ದದ್ದು ಹೆದರಿಕೆಯಲ್ಲ, ಜಂಬ.

ಸಾಗರದ ನಮ್ಮ ಸಣ್ಣ ವರ್ಕ್‌ಶಾಪಿನಲ್ಲಿ ಕಾಳುಮೆಣಸಿನ ತೇವ ಅಳೆಯುವ ಮೀಟರ್ ಮಾಡುತ್ತಿದ್ದೆವು. ಪರದೆಯ ಮೇಲೆ ಅಂಕಿ ತೋರಿಸುವ ಪೈಥಾನ್ ಭಾಗ ನನ್ನದು. ಮೆಣಸು ಬಿಸಿಯಿದ್ದರೆ ಮೀಟರ್ ತೇವವನ್ನು ಹೆಚ್ಚಾಗಿ ತೋರಿಸುತ್ತದೆ. ಅದನ್ನು ತಿದ್ದುವ ಲೆಕ್ಕವನ್ನು ನೀವು ಸಿ ಭಾಷೆಯಲ್ಲಿ ಬರೆದು, ಬೇರೆ ಪ್ರೋಗ್ರಾಂ ಬಳಸುವಂಥ ಲೈಬ್ರರಿ ಮಾಡಿ ಕೊಟ್ಟಿದ್ದಿರಿ. ನಡುವೆ ಒಂದು ಸಣ್ಣ ಸಿ ಫೈಲು ಬರೆದು ಎರಡನ್ನೂ ಜೋಡಿಸುವುದು ನನ್ನ ಪಾಲಿನ ಕೆಲಸ. ಜೋಡಿಸಿ ಓಡಿಸಿದರೆ ಕಂಪ್ಯೂಟರಿನದು ಒಂದೇ ದೂರು — ನಿಮ್ಮ ಫಂಕ್ಷನ್‌ನ, ಅಂದರೆ ಆ ಲೆಕ್ಕ ಮಾಡುವ ತುಣುಕಿನ, ಹೆಸರು ಸಿಗುತ್ತಿಲ್ಲ. ಎರಡು ದಿನ ತಡಕಾಡಿದೆ. ನಿಮ್ಮನ್ನು ಒಂದು ಮಾತು ಕೇಳಿದ್ದರೆ... ಹತ್ತು ವರ್ಷ ಚಿಕ್ಕವರನ್ನು ನಾನು ಕೇಳುವುದೇ!

ಮರುದಿನ ಮೀಟರ್ ತೀರ್ಥಹಳ್ಳಿಯ ಮಂಡಿಗೆ ಹೋಗಬೇಕಿತ್ತು. ಅದೇ ಹೆಸರಿನ ಒಂದು ಖಾಲಿ ಫಂಕ್ಷನ್ ಬರೆದು ನನ್ನ ಆ ಸಿ ಫೈಲಿಗೆ ಸೇರಿಸಿದೆ. ಏನು ಕೇಳಿದರೂ ಸೊನ್ನೆ ಎನ್ನುವ ಫಂಕ್ಷನ್ — ಅಂದರೆ ತಿದ್ದುವುದೇನೂ ಇಲ್ಲ. ತುಣುಕುಗಳನ್ನು ಜೋಡಿಸುವ ಲಿಂಕರ್ ಎಂಬ ಪ್ರೋಗ್ರಾಂ, ಆ ಹೆಸರು ಇದೆಯೇ ಎಂದಷ್ಟೇ ನೋಡುತ್ತದೆ, ಒಳಗೇನಿದೆ ಎಂದು ನೋಡುವುದಿಲ್ಲ. ದೂರು ನಿಂತಿತು.

ಮಂಡಿಯಲ್ಲಿ ಆ ಮೀಟರ್, ಜನ ಬಿಸಿಲಿನಿಂದ ನೇರ ತುಂಬಿ ತಂದ ಮೆಣಸನ್ನೆಲ್ಲ ಹಸಿ ಎಂದಿತು. ಇನ್ನೊಂದು ಬಿಸಿಲು ಕೊಡಿ ಎಂದು ವಾಪಸ್ ಕಳಿಸಿದರು. ಕೊಟ್ಟು ತಂದರೆ ಮತ್ತೆ ಹಸಿ! ಗಲಾಟೆಯಾಯಿತು. ಮಾಲೀಕರು ಎಲ್ಲರೆದುರು ನಿಮ್ಮನ್ನು ನಿಲ್ಲಿಸಿ, ಲೆಕ್ಕ ಯಾಕೆ ತಪ್ಪಿತು ಎಂದು ಕೇಳಿದರು. ನೀವು ನನ್ನ ಕಡೆ ತಿರುಗಿದಿರಿ.

"ಸುಜಾತಕ್ಕ, ನೀವೇ ನೋಡಿದ್ದೀರಲ್ಲ, ನನ್ ಲೆಕ್ಕ ಸರಿ ಇತ್ತಲ್ವಾ?"

"ನಂಗೇನ್ ಗೊತ್ತು ಮಾರಾಯ್ರೆ, ನಾನು ಬರೀ ಜೋಡ್ಸಿದ್ದು," ಎಂದೆ.

ನೀವು ಕೆಲಸ ಬಿಟ್ಟು ಹೊಸನಗರದ ಬಸ್ ಹತ್ತಿದಿರಿ. ಮುಂದಿನ ವಾರವೇ ಕಾರಣ ಸಿಕ್ಕಿತು: ಜೋಡಿಸುವ ಆಜ್ಞೆಯ ಸಾಲಿನಲ್ಲಿ ಲೈಬ್ರರಿಯ ಹೆಸರು, ಅದನ್ನು ಬಳಸುವ ಫೈಲಿನ ನಂತರ ಬರಬೇಕು. ನಾನು ಅದನ್ನು ಫೈಲಿಗಿಂತ ಮುಂಚೆ ಬರೆದಿದ್ದೆ. ಅಷ್ಟೇ — ಒಂದು ಪದ ಹಿಂದುಮುಂದು. ಕೊನೆಗೆ ಹಾಕಿದೆ, ಖಾಲಿ ಫಂಕ್ಷನ್ ಅಳಿಸಿದೆ, ಮೀಟರ್ ಸರಿಯಾಯಿತು. "ಅವ್ನು ಹೋದ, ಮೀಟರ್ ಸರಿಹೋಯ್ತು ನೋಡಿ," ಎಂದು ಮಾಲೀಕರು ಎಲ್ಲರಿಗೂ ಮೈಸೂರುಪಾಕ್ ತರಿಸಿದರು. ನಾನು ಎರಡು ತಿಂದೆ.

ಹೋದ ವಾರ ಮಾಲೀಕರಿಗೆ ಎಲ್ಲ ಹೇಳಿದೆ. "ಈಗ್ಯಾಕ್ರೀ ಕೆದಕ್ತೀರಿ? ಯಾರೂ ಕೇಳ್ಲಿಲ್ಲಲ್ಲ," ಎಂದರು. ಯಾರೂ ಕೇಳದ ಹಾಗೆ ನೋಡಿಕೊಂಡವಳೇ ನಾನು! ಬೇಕಿದ್ದರೆ ಕೆಲಸದಿಂದ ತೆಗೆಯಲಿ.

ಶನಿವಾರ ತೀರ್ಥಹಳ್ಳಿಯ ಅದೇ ಮಂಡಿಗೆ ಹೋದೆ. ಯಾವ ಅಂಕಿ ಹೆಚ್ಚುಕಮ್ಮಿಯಾದರೂ ಅಲ್ಲಿ ಈಗಲೂ 'ಪದ್ಮರಾಜನ ಲೆಕ್ಕ' ಎನ್ನುತ್ತಾರೆ. ತೂಕಕ್ಕೆ ನಿಂತವರೆದುರು ಗಂಟಲೆತ್ತಿ ಹೇಳಿದೆ: "ಅದು ಪದ್ಮರಾಜನ ಲೆಕ್ಕ ಅಲ್ಲ, ಸುಜಾತನ ಸುಳ್ಳು. ಬೈಯೋದಿದ್ರೆ ನನ್ ಹೆಸ್ರು ಹಿಡ್ದು ಬೈರಿ."

ಕೆಲವರು ನಕ್ಕರು. ಮೂಟೆಗೆ ಒರಗಿ ನಿಂತಿದ್ದ ಹಿರಿಯರೊಬ್ಬರು ಮಾತ್ರ ನಗಲಿಲ್ಲ. "ಮೂರ್ ಸಲ ವಾಪಸ್ ಹೊತ್ಕೊಂಡ್ ಹೋಗಿದ್ದೆ ಕಣಮ್ಮ," ಎಂದರು.

ನಿಮ್ಮನ್ನು ಕ್ಷಮೆ ಕೇಳುವುದಿಲ್ಲ, ಪದ್ಮರಾಜ್ — ಕೇಳುವ ಹಕ್ಕು ನನಗಿಲ್ಲ. ಆದರೆ ಬರುವ ಶನಿವಾರ ಮತ್ತೆ ಆ ಮಂಡಿಗೆ ಹೋಗುತ್ತೇನೆ. ಅಲ್ಲಿಯವರ ಬಾಯಲ್ಲಿ ನಿಮ್ಮ ಹೆಸರು ಹೋಗಿ ನನ್ನದು ಬರುವ ತನಕ ಹೋಗುತ್ತೇನೆ.