ಹಸಿರು ಇಳಿದ ಪಾಚಿ

ಆಯುಧಪೂಜೆಯ ರಜೆ ಮುಗಿದ ಮೊದಲ ಬೆಳಿಗ್ಗೆ ಮಹಾದೇವಿ ಫ್ಲಾಸ್ಕ್ ಒಂದನ್ನು ಬಿಳಿ ಕಾಗದದ ಮುಂದೆ ಹಿಡಿದು ನೋಡಿದಳು. ಒಳಗಿನ ಪಾಚಿನೀರು ಕರಿಬೇವಿನ ಬಣ್ಣಕ್ಕಿರಬೇಕಿತ್ತು. ಬಾಳೆಯ ಸುಳಿಯ ಬಣ್ಣಕ್ಕೆ ಬಂದಿತ್ತು.

ಯಲಬುರ್ಗಾ ಕಡೆಯ ಈಕೆ ಬೊಮ್ಮಸಂದ್ರದ ಖಾಸಗಿ ಪ್ರಯೋಗಾಲಯವೊಂದರಲ್ಲಿ ಗುತ್ತಿಗೆಯ ಮೇಲೆ ಹಸಿರು ಪಾಚಿ ಬೆಳೆಸಲು ಸೇರಿ ಆರು ವರ್ಷ. ಕೆಲಸ ಕಾಯಂ ಮಾಡುವ ಕಡತ ವಿಜ್ಞಾನಿ ಶ್ಯಾಮಲಾ ಅವರ ಸಹಿಗೆ ಕಾದಿತ್ತು.

ಪಾಚಿ ಬೆಳಕು ಹಿಡಿಯುವ ಪ್ರೋಟೀನ್‌ಗಳ ಜೋಡಣೆ ಹೇಗಿದೆ ಎಂಬುದು ಶ್ಯಾಮಲಾ ಅವರ ಅಧ್ಯಯನ. ನಡುವೆ ತಿರುಳು, ಸುತ್ತಲೂ ಬೆಳಕನ್ನು ಹಿಡಿದು ಒಳಕ್ಕೆ ದಾಟಿಸುವ ಪ್ರೋಟೀನ್‌ಗಳು. ಮಂದ ಬೆಳಕಿನಲ್ಲಿ ಬೆಳೆದ ಪಾಚಿಯಲ್ಲಿ ಸುತ್ತಿನವು ತುಂಬಿಕೊಂಡಿರುತ್ತವೆ. ಬೆಳಕು ಹೆಚ್ಚಾದರೆ ಪಾಚಿ ತಾನಾಗಿ ಅವನ್ನು ಕಡಿಮೆ ಮಾಡಿಕೊಳ್ಳುತ್ತದೆ, ಹಸಿರೂ ಇಳಿಯುತ್ತದೆ. ಅದಕ್ಕೇ ಫ್ಲಾಸ್ಕ್‌ಗಳು ಮಂದ ಬೆಳಕಿನ ಕಪಾಟುಗಳಲ್ಲಿರುತ್ತಿದ್ದವು.

ರಜೆಯ ಮುಂಚಿನ ದಿನ ಮೇಲ್ವಿಚಾರಕ ಹನುಮಂತಯ್ಯ ಕಪಾಟುಗಳನ್ನು ತೊಳೆಸಿ, ಯಂತ್ರಗಳಿಗೆ ಅರಿಶಿನ ಕುಂಕುಮ ಹಚ್ಚಿಸಿ, ಫ್ಲಾಸ್ಕ್‌ಗಳನ್ನೂ ಪೂಜೆಯ ಸಾಲಿನಲ್ಲಿ ದೊಡ್ಡ ವಿದ್ಯುತ್ ದೀಪದಡಿ ಇಡಿಸಿದ್ದರು. ಮಹಾದೇವಿ ಬೇಡವೆಂದಾಗ, ದೇವರ ಮುಂದೆ ಒಂದು ಗಂಟೆ ಇಟ್ಟರೆ ನಿನ್ನ ಪಾಚಿ ಸಾಯುತ್ತದಾ ಎಂದು ನಕ್ಕಿದ್ದರು. ಊರಿನ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಆಕೆ ಅವನ್ನು ವಾಪಸ್ ಇಡಲು ಮರೆತಳು. ಮೂರು ದಿನ ದೀಪ ಉರಿಯಿತು.

ಇದನ್ನೆಲ್ಲ ಆಕೆ ಶ್ಯಾಮಲಾಗೆ ಮುಚ್ಚಿಡದೆ ಹೇಳಿದಳು.

“ಹಸಿರು ಇಳದೈತ್ರಿ ಮೇಡಂ. ಇದನ್ನ ಕಳಸಬ್ಯಾಡ್ರಿ. ಹದಿನೈದ ದಿನಾ ಕೊಡ್ರಿ, ಹೊಸಾದು ಬೆಳಸ್ತೀನಿ.”

ಪ್ರೋಟೀನ್‌ಗಳ ಚಿತ್ರ ತೆಗೆಯುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಶ್ಯಾಮಲಾ ಅವರಿಗೆ ಸಿಗುವುದು ಆ ಗುರುವಾರ. ತಪ್ಪಿದರೆ ಇನ್ನು ನಾಲ್ಕು ತಿಂಗಳಿಗೆ.

“ನೀನು ಗ್ಲಾಸ್ ತೊಳಿ ಮಹಾದೇವಿ. ಪ್ರೋಟೀನ್ ನಂಗೆ ಬಿಡು.”

ಗುರುವಾರ ಅದೇ ಪಾಚಿ ಹೋಯಿತು. ಒಂದೂವರೆ ತಿಂಗಳಲ್ಲಿ ಚಿತ್ರ ಸಿದ್ಧವಾಯಿತು. ತಿರುಳು ಸ್ಪಷ್ಟವಾಗಿತ್ತು. ಸುತ್ತಿನ ಜಾಗ ಬಹುಪಾಲು ಖಾಲಿ. ನಿರ್ದೇಶಕರು ಸಭೆಯಲ್ಲಿ ಕಾರಣ ಕೇಳಿದರು. ಅಟೆಂಡರ್ ಮಹಾದೇವಿ ಫ್ಲಾಸ್ಕ್‌ಗಳನ್ನು ದೀಪದಡಿ ಬಿಟ್ಟುಹೋದಳು, ಬಂದು ವಿಷಯ ಮುಚ್ಚಿಟ್ಟಳು ಎಂದರು ಶ್ಯಾಮಲಾ. ಹನುಮಂತಯ್ಯ ಹೌದೆಂದರು. ಮಹಾದೇವಿಯನ್ನು ಆಮೇಲೆ ಒಳಗೆ ಕರೆಸಿದರು.

“ಅವತ್ತ ಹೇಳಿದ್ನಲ್ರಿ ಮೇಡಂ.”

“ಹೇಳಿದ್ದು ಎಲ್ಲಾದ್ರೂ ಬರ್ದಿದ್ಯಾ?” ಎಂದರು ಶ್ಯಾಮಲಾ.

ಬರೆದಿರಲಿಲ್ಲ. ಆರು ವರ್ಷ ಹಸಿರಿನ ಹದ ಆಕೆಯ ಕಣ್ಣಳತೆಯಲ್ಲೇ ನಡೆದಿತ್ತು. ಅಷ್ಟು ಸಾಕು, ಬರೆಯುವುದೇನೂ ಬೇಡ ಎಂದು ಮೊದಲ ವಾರವೇ ಹೇಳಿದವರು ಶ್ಯಾಮಲಾ.

ಕಡತ ಸಹಿಯಿಲ್ಲದೆ ವಾಪಸಾಯಿತು. ಮಹಾದೇವಿಯ ಗುತ್ತಿಗೆ ಮೂವತ್ತನೇ ತಾರೀಖಿಗೆ ಮುಗಿಯುತ್ತದೆ. ಸೋಮವಾರದಿಂದ ವೇಣಿ ಎಂಬ ಹೊಸಬಳು ಬರುತ್ತಾಳೆ. ಅವಳಿಗೆ ಕೆಲಸ ಕಲಿಸಿಕೊಡಬೇಕಾದವಳು ಮಹಾದೇವಿ.